ಕೈಗುಣ ಮತ್ತು ಅಳತೆಗೋಲು: ಬೆನ್ನುಹುರಿ ಗಾಯದ ಸಂಶೋಧನಾ ತರಬೇತಿಯ ಚರಿತ್ರೆ ಹಾಗೂ ಮಂಡ್ಯ ಸೀಮೆಯ ಜನಪದ ವೈದ್ಯ

ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಕೆಲಸದಲ್ಲಿ ಔಷಧಿ ಸಸ್ಯಗಳ ಪಟ್ಟಿ, ರೋಗಗಳ ಹೆಸರು, ನಂಬಿಕೆ ಮತ್ತು ಆಚರಣೆಗಳ ಸಂಗ್ರಹಕ್ಕೆ ದೊರೆತಷ್ಟು ಮಹತ್ವ ಆ ವಿದ್ಯೆ ಕೈಯಿಂದ ಕೈಗೆ ಸಾಗುವ ಬಗೆಗೆ ದೊರೆತಿಲ್ಲ. ಕಲಿಯುವವನ ಕೈ ಹೇಗೆ ಪಳಗುತ್ತದೆ, ಪಳಗಿತೆಂದು ಯಾರು ತೀರ್ಮಾನಿಸುತ್ತಾರೆ, ತಪ್ಪಿದಾಗ ಆ ತಪ್ಪು ಎಲ್ಲಿ ದಾಖಲಾಗುತ್ತದೆ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಬೆನ್ನುಹುರಿಯ ಗಾಯವೆಂಬ ಒಂದೇ ವಿಷಯವನ್ನು ಮುಂದಿಟ್ಟುಕೊಂಡು ಪರಿಶೀಲಿಸಲಾಗಿದೆ. ಒಂದು ಕಡೆ ಆಧುನಿಕ ಪ್ರಯೋಗಾಲಯಗಳು ಈ ಗಾಯವನ್ನು ಅಧ್ಯಯನ ಮಾಡುವ ಸಂಶೋಧಕರನ್ನು ತರಬೇತುಗೊಳಿಸಿದ ಚರಿತ್ರೆಯಿದೆ. ಮತ್ತೊಂದು ಕಡೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮೂಳೆ ಕಟ್ಟುವವರ, ಮರ ಹತ್ತುವವರ ಹಾಗೂ ಮನೆಯಲ್ಲಿ ಆರೈಕೆ ಮಾಡುವವರ ವಿದ್ಯೆಯಿದೆ. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಅಚ್ಚಾದ ಅಕ್ಷರವನ್ನೇ ನಂಬಿದ ಪ್ರಯೋಗ ವಿಜ್ಞಾನವೂ ಕೊನೆಗೆ ಗುರುವಿನ ಕೈ ಕೆಳಗೆ ಶಿಷ್ಯನ ಕೈಯನ್ನು ಇರಿಸಿಯೇ ಕಲಿಸಬೇಕಾಯಿತು ಎಂಬುದು ಜಾನಪದ ವಿದ್ವಾಂಸರಿಗೆ ಕುತೂಹಲದ ಸಂಗತಿ. ಹಾಗೆಯೇ, ಆ ಪ್ರಯೋಗಾಲಯಗಳು ರೂಢಿಸಿಕೊಂಡ ಕೆಲವು ಶಿಸ್ತುಗಳು ನಮ್ಮ ಹಳ್ಳಿಗಳ ವಿದ್ಯೆಗೆ ಏಕೆ ದಕ್ಕಲಿಲ್ಲ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ.

1. ಸೀಮೆ ಮತ್ತು ಬೆನ್ನು

ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ನಾಲೆಯ ನೀರು ಹರಿದ ಮೇಲೆ ಒಣ ಬೇಸಾಯದ ಈ ಸೀಮೆ ಭತ್ತ, ಕಬ್ಬು, ತೆಂಗಿನ ಸೀಮೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನೀರಾವರಿಯೊಡನೆ ದುಡಿಮೆಯ ಸ್ವರೂಪವೂ ಬದಲಾಯಿತು. ಕಬ್ಬಿನ ಹೊರೆ ಹೊರುವುದು, ಗಾಡಿ ತುಂಬುವುದು, ತೆಂಗಿನ ಮರ ಹತ್ತಿ ಕಾಯಿ ಕೆಡಹುವುದು ನಿತ್ಯದ ಕೆಲಸಗಳಾದವು. ಇವೆಲ್ಲವೂ ಬೆನ್ನಿನ ಮೇಲೆ ನಿಂತ ಕೆಲಸಗಳೇ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರರಾಜ್ಯಗಳಿಗೆ ಲಾರಿಗಳಲ್ಲಿ ಎಳನೀರು ಸಾಗುತ್ತದೆ. ಆ ಒಂದೊಂದು ಗೊನೆಯ ಹಿಂದೆಯೂ ಮರ ಹತ್ತಿ, ಗೊನೆಗೆ ಹಗ್ಗ ಕಟ್ಟಿ, ಒಡೆಯದಂತೆ ಕೆಳಗಿಳಿಸಿದ ಒಬ್ಬ ಆಳು ಇದ್ದಾನೆ. ಭಾರತದಲ್ಲಿ ಬೆನ್ನುಹುರಿ ಗಾಯದ ಮುಖ್ಯ ಕಾರಣಗಳು ಎರಡು: ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ. ಮೊದಲನೆಯದಕ್ಕೆ ಈ ಸೀಮೆಯ ತೋಟಗಳಿವೆ. ಎರಡನೆಯದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯಿದೆ. 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆ ಮಾಡಲಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ ಹಾಗೂ ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು.

ಈ ಸೀಮೆಯ ಆಡುಮಾತಿನಲ್ಲಿ ಬೆನ್ನಿನ ಕೇಡನ್ನು ಹೇಳುವ ಮಾತುಗಳು ಹಲವು. ‘ಉಳುಕು’, ‘ಸೊಂಟ ಹಿಡಿದುಕೊಂಡಿದೆ’, ‘ನಡ ಮುರಿದಿದೆ’, ‘ಸೊಂಟದಿಂದ ಕೆಳಕ್ಕೆ ಸ್ವಾಧೀನ ಇಲ್ಲ’ ಎಂಬ ಮಾತುಗಳು ಏರುವ ಕ್ರಮದಲ್ಲಿ ಕೇಡಿನ ತೀವ್ರತೆಯನ್ನು ಸೂಚಿಸುತ್ತವೆ. ಇವುಗಳಲ್ಲಿ ಕೊನೆಯದು ಉಳಿದವುಗಳಿಂದ ಜಾತಿಯಲ್ಲೇ ಬೇರೆ. ‘ಸ್ವಾಧೀನ’ ಎಂಬ ಪದ ಮೂಳೆಯನ್ನು ಕುರಿತದ್ದಲ್ಲ, ಅಂಗದ ಮೇಲೆ ಮನುಷ್ಯನಿಗಿರುವ ಒಡೆತನವನ್ನು ಕುರಿತದ್ದು. ಮೂಳೆ ಮುರಿಯುವುದಕ್ಕೂ ಸ್ವಾಧೀನ ತಪ್ಪುವುದಕ್ಕೂ ಇರುವ ವ್ಯತ್ಯಾಸವನ್ನು ಜನಪದರು ಭಾಷೆಯಲ್ಲಿಯೇ ಗುರುತಿಸಿದ್ದಾರೆ ಎಂಬುದು ಗಮನಾರ್ಹ. ‘ಬೆನ್ನುಹುರಿ’ ಎಂಬ ಮಾತೂ ಅರ್ಥಪೂರ್ಣವಾದುದು. ಎಳೆ ಎಳೆಯಾಗಿ ಹೊಸೆದದ್ದು ಹುರಿ. ಬೆನ್ನೆಲುಬಿನ ಕೊಳವೆಯೊಳಗೆ ಕಿರುಬೆರಳ ಗಾತ್ರದಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದಕ್ಕೆ ಇಳಿದು 31 ಜೊತೆ ನರಗಳನ್ನು ಕವಲೊಡೆಸುವ ಈ ಅಂಗಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಎಲುಬು ಕೂಡಿಕೊಳ್ಳುತ್ತದೆ, ಹುರಿ ಕಡಿದರೆ ಕೂಡುವುದಿಲ್ಲ. ಈ ಒಂದು ವ್ಯತ್ಯಾಸದ ಸುತ್ತಲೇ ಮುಂದಿನ ಚರಿತ್ರೆಯೆಲ್ಲ ಬೆಳೆದಿದೆ.

2. ಕಟ್ಟುವ ಕೈ

ಮೂಳೆ ಕಟ್ಟುವ ವಿದ್ಯೆಗೆ ಭಾರತದಲ್ಲಿ ಶಾಸ್ತ್ರದ ಪರಂಪರೆಯೂ ಇದೆ, ಜನಪದ ಪರಂಪರೆಯೂ ಇದೆ. ಸುಶ್ರುತ ಸಂಹಿತೆಯು ಕೀಲು ತಪ್ಪುವುದರಲ್ಲಿ 6 ಬಗೆಗಳನ್ನೂ ಎಲುಬು ಮುರಿಯುವುದರಲ್ಲಿ 12 ಬಗೆಗಳನ್ನೂ ಹೇಳುತ್ತದೆ. ಕಾಲು, ತೊಡೆ ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ, ಅಲುಗಾಡದಂತೆ ಗೂಟಗಳಿಗೆ ಕಟ್ಟಬೇಕೆಂದು ವಿಧಿಸುವ ಆ ಗ್ರಂಥ, ಬೆನ್ನೆಲುಬು ಮುರಿದವರಿಗೂ ಅದೇ ಕ್ರಮವನ್ನು ಅನ್ವಯಿಸುತ್ತದೆ. ಇದಕ್ಕೂ ಹಿಂದಿನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ 48 ಗಾಯಾಳುಗಳ ವಿವರವನ್ನು ಒಳಗೊಂಡಿದೆ. ಕತ್ತಿನ ಎಲುಬು ಜಾರಿ ಕೈಕಾಲುಗಳ ಅರಿವು ತಪ್ಪಿದ ಪ್ರಕರಣವನ್ನು ಅದು ಚಿಕಿತ್ಸೆಗೆ ಮೀರಿದ್ದೆಂದು ಬದಿಗಿರಿಸುತ್ತದೆ.

ಜನಪದ ಪರಂಪರೆಯಲ್ಲಿ ಆಂಧ್ರದ ಪುತ್ತೂರಿನ ಕಟ್ಟು ಕನ್ನಡಿಗರಿಗೂ ಚಿರಪರಿಚಿತ. ಹಳೆಯ ಮೈಸೂರು ಸೀಮೆಯಲ್ಲಿ ಬಿದಿರಿನ ದಬ್ಬೆ, ಬಟ್ಟೆಪಟ್ಟಿ, ಕೋಳಿಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಮಂಗರಬಳ್ಳಿ ಇವು ಕಟ್ಟಿನ ಸಾಮಾನ್ಯ ಪರಿಕರಗಳು. ಗರಡಿಮನೆಯ ಉಸ್ತಾದರು ಕೀಲು ಕೂರಿಸುವುದು, ಉಳುಕು ತೆಗೆಯುವುದು ಕೂಡ ಇದೇ ಪರಂಪರೆಗೆ ಸೇರಿದ್ದು. ಈ ವಿದ್ಯೆಗೆ ಪಠ್ಯವಿಲ್ಲ. ಮಗನೋ ಅಳಿಯನೋ ಶಿಷ್ಯನೋ ಮೊದಲು ಬಳ್ಳಿ ಕಿತ್ತು ತರುತ್ತಾನೆ, ಅರೆಯುತ್ತಾನೆ, ದಬ್ಬೆ ಸೀಳುತ್ತಾನೆ. ಆಮೇಲೆ ಪೆಟ್ಟು ತಿಂದವನ ಕಾಲನ್ನು ಹಿಡಿದುಕೊಳ್ಳುವ ಕೆಲಸ ಅವನಿಗೆ ಬರುತ್ತದೆ. ಹಿಡಿದುಕೊಂಡೇ ಎಲುಬು ಕೂಡುವ ಸದ್ದು, ಸ್ನಾಯು ಸಡಿಲುವ ಗಳಿಗೆ, ನೋವಿನ ಬಗೆ ಅವನ ಬೆರಳಿಗೆ ತಿಳಿಯುತ್ತವೆ. ಎಷ್ಟೋ ಕಾಲದ ನಂತರ ಗುರು ತನ್ನ ಕೈಯನ್ನು ಹಿಂದಕ್ಕೆಳೆದು ಅವನಿಗೆ ಬಿಟ್ಟುಕೊಡುತ್ತಾನೆ. ಜನ ಅವನನ್ನು ಒಪ್ಪಿಕೊಳ್ಳುವುದು ‘ಕೈಗುಣ ಚೆನ್ನಾಗಿದೆ’ ಎಂಬ ಮಾತಿನಿಂದ. ಪ್ರಮಾಣಪತ್ರದ ಸ್ಥಾನದಲ್ಲಿ ಇಲ್ಲಿರುವುದು ಊರಿನ ಮಾತು.

ಮಹಾಕಾವ್ಯಗಳನ್ನು ಹಾಡುವವರ ಕಲಿಕೆಯೂ ಇದಕ್ಕಿಂತ ಭಿನ್ನವಲ್ಲ. ಯುಗೊಸ್ಲಾವಿಯದ ಹಾಡುಗಾರರನ್ನು ಅಧ್ಯಯನ ಮಾಡಿದ ಆಲ್ಬರ್ಟ್ ಲಾರ್ಡ್ 1960ರ ತಮ್ಮ ಗ್ರಂಥದಲ್ಲಿ ಕೇಳುವುದು, ಹಾಡಲು ಯತ್ನಿಸುವುದು, ಕೇಳುಗರ ಮುಂದೆ ಪೂರ್ತಿ ಹಾಡುವುದು ಎಂಬ ಮೂರು ಹಂತಗಳನ್ನು ಗುರುತಿಸಿದರು. ಮಳವಳ್ಳಿ ಸೀಮೆಯ ನೀಲಗಾರರು ಗುರುವಿನ ಹಿಂದೆ ಸೊಲ್ಲು ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ಕಲಿಯುವ ಕ್ರಮಕ್ಕೆ ಈ ವಿಂಗಡಣೆ ಚೆನ್ನಾಗಿ ಹೊಂದುತ್ತದೆ. ಅದೇ ಕಾವ್ಯದಲ್ಲಿ ಸಿದ್ದಪ್ಪಾಜಿಯನ್ನು ಗುರು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಕಳುಹಿಸುತ್ತಾನೆ. ಪಾಂಚಾಳರು ಸುಲಭವಾಗಿ ಕೊಡದೆ ಶಿಷ್ಯನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಕಸುಬನ್ನು ಕಾಯ್ದುಕೊಂಡವರು ಅದನ್ನು ಬಿಟ್ಟುಕೊಡುವ ಮುನ್ನ ಬೇಡುವವನ ದೇಹವನ್ನೇ ಪರೀಕ್ಷಿಸುತ್ತಾರೆ ಎಂಬ ಸಾಮಾಜಿಕ ಅನುಭವ ಈ ಪ್ರಸಂಗದ ಒಡಲಲ್ಲಿದೆ.

ಆದರೆ ಈ ಪರಂಪರೆಗೆ ಎರಡು ಮಿತಿಗಳಿವೆ. ಮೊದಲನೆಯದು ಗುಟ್ಟು. ಮದ್ದಿನ ಹೆಸರು ಹೇಳಿದರೆ ಅದರ ಗುಣ ಕೆಡುತ್ತದೆ ಎಂಬ ನಂಬಿಕೆ ವಿದ್ಯೆಯನ್ನು ಒಂದು ಮನೆಯೊಳಗೆ ಕಟ್ಟಿಹಾಕಿತು. ಎರಡನೆಯದು, ಗುಣವಾದವರ ಕಥೆ ಊರೂರು ಸುತ್ತುತ್ತದೆ, ಗುಣವಾಗದವರ ಕಥೆ ಅವರ ಮನೆಯ ಬಾಗಿಲಲ್ಲೇ ನಿಲ್ಲುತ್ತದೆ. ಕೈಮೂಳೆ ಮುರಿದಾಗ ಈ ಮಿತಿಗಳಿಂದ ಅಷ್ಟು ದೊಡ್ಡ ಕೇಡಾಗದಿರಬಹುದು. ಬೆನ್ನುಹುರಿಯ ವಿಷಯದಲ್ಲಿ ಅವು ಪ್ರಾಣಕ್ಕೆ ಬರುತ್ತವೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಹಿಡಿತ ಬಿಡುತ್ತದೆ ಎಂಬ ನಂಬಿಕೆ ದಕ್ಷಿಣ ಭಾರತದಲ್ಲೆಲ್ಲ ಇದೆ. ದುಡಿದು ದಣಿದ ಸ್ನಾಯುವಿಗೆ ಅದು ನಿರುಪದ್ರವಿಯಾಗಿರಬಹುದು. ಮರದಿಂದ ಬಿದ್ದು ಎಲುಬು ಸಡಿಲಿದವನ ಬೆನ್ನನ್ನು ಎಳೆದರೂ ನೀವಿದರೂ ಉಳಿದಿದ್ದ ಹುರಿಯೂ ಜಜ್ಜಿಹೋಗುತ್ತದೆ.

3. ಪ್ರಯೋಗಾಲಯದ ಅಳತೆಗೋಲು

ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಮೊದಲಾದ 1911ರಲ್ಲಿಯೇ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಆಲ್ಫ್ರೆಡ್ ರೆಜಿನಾಲ್ಡ್ ಆಲೆನ್ ಬೆನ್ನುಹುರಿ ಗಾಯದ ಪ್ರಯೋಗವೊಂದನ್ನು ಪ್ರಕಟಿಸಿದರು. ಅರಿವಳಿಕೆ ನೀಡಿದ ನಾಯಿಯ ಬೆನ್ನುಹುರಿಯನ್ನು ತೆರೆದು, ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಅದರ ಮೇಲೆ ಬೀಳಿಸುವುದು ಅವರ ವಿಧಾನ. ತೂಕವನ್ನು ಎತ್ತರದಿಂದ ಗುಣಿಸಿದರೆ ಪೆಟ್ಟಿನ ಪ್ರಮಾಣ ದೊರೆಯುತ್ತದೆ. ಅಲ್ಲಿಯವರೆಗೆ ಆಕಸ್ಮಿಕವಾಗಿದ್ದ ಗಾಯ ಮೊದಲ ಬಾರಿಗೆ ಅಳತೆಗೆ ಸಿಕ್ಕಿತು. ಪೆಟ್ಟು ಬಿದ್ದ ಕ್ಷಣದಲ್ಲಿ ಆದ ಕೇಡಿನ ನಂತರವೂ ಹುರಿಯೊಳಗೆ ಏನೋ ರಾಸಾಯನಿಕ ಹಾನಿ ಮುಂದುವರಿಯುತ್ತದೆ ಎಂದು ಆಲೆನ್ 1914ರಲ್ಲಿ ಊಹಿಸಿದರು. ಇಂದು ದ್ವಿತೀಯಕ ಗಾಯ ಎಂದು ಕರೆಯುವುದು ಇದನ್ನೇ. ರಕ್ತಸಂಚಾರ ಕುಗ್ಗುವುದು, ಊತ, ಉರಿಯೂತ, ಜೀವಕೋಶಗಳ ಸಾವು ಗಂಟೆಗಳಿಂದ ವಾರಗಳವರೆಗೆ ಸಾಗುತ್ತವೆ. ಚಿಕಿತ್ಸೆಗೆ ಎಡೆಯಿರುವುದೂ ಈ ಅವಧಿಯಲ್ಲಿಯೇ.

ಮುಂದಿನ ದಶಕಗಳಲ್ಲಿ ಅನೇಕರು ಆಲೆನ್‌ರ ಮಾದರಿಯನ್ನು ಅನುಸರಿಸಿದರು. ಆದರೆ ಒಬ್ಬರ ಫಲಿತಾಂಶ ಮತ್ತೊಬ್ಬರದಕ್ಕೆ ಹೊಂದಲಿಲ್ಲ. ಪ್ರಾಣಿಯ ಬೆನ್ನನ್ನು ಹಿಡಿದಿರಿಸಿದ ಬಗೆ, ತೂಕ ಒಮ್ಮೆ ಬಿದ್ದು ಮತ್ತೆ ಪುಟಿದದ್ದು, ಅರಿವಳಿಕೆಯ ಆಳ, ದೇಹದ ಬಿಸಿ ಇವೆಲ್ಲವೂ ಗಾಯವನ್ನು ಬದಲಾಯಿಸುತ್ತಿದ್ದವು. 1978ರಲ್ಲಿ ಟೊರಾಂಟೊದ ರಿವ್ಲಿನ್ ಮತ್ತು ಟೇಟರ್ ಗೊತ್ತಾದ ಬಲದಿಂದ ಹುರಿಯನ್ನು ಒತ್ತುವ ಕ್ಲಿಪ್ಪಿನ ವಿಧಾನವನ್ನು ರೂಪಿಸಿದರು. 1990ರ ದಶಕದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಬಳಕೆಗೆ ಬಂದ ಯಂತ್ರವು 10 ಗ್ರಾಂ ತೂಕದ ಸರಳನ್ನು 12.5, 25 ಅಥವಾ 50 ಮಿಲಿಮೀಟರ್ ಎತ್ತರದಿಂದ ಇಲಿಯ ಬೆನ್ನುಹುರಿಯ ಮೇಲೆ ಬೀಳಿಸಿ, ಪೆಟ್ಟಿನ ವೇಗವನ್ನೂ ಹುರಿ ಕುಗ್ಗಿದ ಪ್ರಮಾಣವನ್ನೂ ದಾಖಲಿಸುತ್ತಿತ್ತು. ವೈಸ್ ಯಂಗ್ ಅವರ ನೇತೃತ್ವದಲ್ಲಿ ಅನೇಕ ಪ್ರಯೋಗಾಲಯಗಳು ಸೇರಿ ಒಂದೇ ಯಂತ್ರ, ಒಂದೇ ಕ್ರಮವಿಧಾನವನ್ನು ಒಪ್ಪಿಕೊಂಡವು.

ಗಾಯಕ್ಕೆ ಅಳತೆ ದೊರೆತರೆ ಸಾಲದು, ಚೇತರಿಕೆಗೂ ಅಳತೆ ಬೇಕು. 1995ರಲ್ಲಿ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಬಾಸೊ, ಬೀಟಿ ಮತ್ತು ಬ್ರೆಸ್ನಹನ್ ಇಲಿಯ ನಡಿಗೆಯನ್ನು 0ರಿಂದ 21ರವರೆಗಿನ ಅಂಕಗಳಲ್ಲಿ ಗುರುತಿಸುವ ಮಾಪಕವನ್ನು ಪ್ರಕಟಿಸಿದರು. ಹಿಂಗಾಲು ಒಂದಿಷ್ಟೂ ಅಲುಗದಿದ್ದರೆ 0, ಸಹಜ ನಡಿಗೆಗೆ 21. ತೆರೆದ ಅಂಗಳದಲ್ಲಿ ಬಿಟ್ಟ ಇಲಿಯನ್ನು ಇಬ್ಬರು 4 ನಿಮಿಷ ನೋಡಿ ಅಂಕ ಕೊಡಬೇಕು. ಯಾವ ಇಲಿಗೆ ಯಾವ ಚಿಕಿತ್ಸೆ ಆಗಿದೆಯೆಂಬುದು ಅವರಿಗೆ ತಿಳಿದಿರಬಾರದು. ಇಲ್ಲೊಂದು ಸ್ವಾರಸ್ಯವಿದೆ. ಮಾಪಕ ಅಚ್ಚಿನಲ್ಲಿದ್ದರೂ ಓದಿ ಮಾತ್ರ ಅಂಕ ಕೊಡಲಾಗದು. ಕಾಲು ಭಾರ ಹೊತ್ತಿದೆಯೋ ನೆಲಕ್ಕೆ ತಾಗಿದೆಯಷ್ಟೆಯೋ ಎಂಬುದನ್ನು ತಿಳಿಯಲು ಬಲ್ಲವರ ಪಕ್ಕದಲ್ಲಿ ಕುಳಿತು ಕಣ್ಣನ್ನು ಪಳಗಿಸಬೇಕು. ಹೊಸಬರ ಅಂಕ ಹಳಬರ ಅಂಕಕ್ಕೆ ಹೊಂದುವವರೆಗೂ ಅವರನ್ನು ಪರೀಕ್ಷಿಸಬೇಕು. ಅಳತೆಗೋಲನ್ನು ಬಳಸುವುದಕ್ಕೂ ಕೈಗುಣವೇ ಬೇಕಾಯಿತು.

ಈ ಅಗತ್ಯದಿಂದಲೇ ತರಬೇತಿ ಶಿಬಿರಗಳು ಹುಟ್ಟಿದವು. 1995ರ ಮೇ 27ರಂದು ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ ನಟ ಕ್ರಿಸ್ಟೋಫರ್ ರೀವ್ ಅವರಿಂದಾಗಿ ಈ ಕ್ಷೇತ್ರಕ್ಕೆ ಹಣವೂ ಜನರ ಗಮನವೂ ಹರಿದುಬಂದವು. ಇರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿಯೂ ಓಹಿಯೋದಲ್ಲಿಯೂ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿಯೂ ಯುವ ಸಂಶೋಧಕರಿಗೆ ಪ್ರಯೋಗವಿಧಾನಗಳನ್ನು ಕೈಯಾರೆ ಮಾಡಿಸಿ ಕಲಿಸುವ ಶಿಬಿರಗಳು ನಡೆದವು. ಎದೆಭಾಗದ ಬೆನ್ನೆಲುಬಿನ ಕಮಾನನ್ನು ಹುರಿಗೆ ತಾಗದಂತೆ ಬಿಡಿಸುವುದು, ಯಂತ್ರವನ್ನು ಸರಿಹೊಂದಿಸುವುದು, ನಡಿಗೆಗೆ ಅಂಕ ಕೊಡುವುದು, ಅಂಗಾಂಶವನ್ನು ತೆಳುವಾಗಿ ಕತ್ತರಿಸಿ ಬಣ್ಣ ಹಾಕಿ ಉಳಿದ ನರತಂತುಗಳನ್ನು ಎಣಿಸುವುದು ಪಾಠದ ಭಾಗಗಳು. ಇವುಗಳ ಜೊತೆಗೆ ಹೊರಗಿನವರ ಗಮನಕ್ಕೆ ಬಾರದ ಇನ್ನೊಂದು ಪಾಠವಿದೆ. ಬೆನ್ನುಹುರಿ ಗಾಯವಾದ ಇಲಿ ತಾನಾಗಿ ಮೂತ್ರ ವಿಸರ್ಜಿಸಲಾರದು. ದಿನಕ್ಕೆ ಎರಡು ಮೂರು ಸಲ ಅದರ ಹೊಟ್ಟೆಯನ್ನು ಬೆರಳುಗಳಿಂದ ಮೃದುವಾಗಿ ಒತ್ತಿ ಮೂತ್ರಕೋಶವನ್ನು ಬರಿದು ಮಾಡಬೇಕು. ಹೆಚ್ಚು ಒತ್ತಿದರೆ ಒಡೆಯುತ್ತದೆ, ಕಡಿಮೆ ಒತ್ತಿದರೆ ಸೋಂಕಾಗುತ್ತದೆ. ಇದನ್ನು ಯಾವ ಗ್ರಂಥವೂ ಕಲಿಸಲಾರದು. ಗುರುವಿನ ಬೆರಳಿನ ಮೇಲೆ ಬೆರಳಿಟ್ಟೇ ಕಲಿಯಬೇಕು. ಹೇಳಬಲ್ಲುದಕ್ಕಿಂತ ಹೆಚ್ಚನ್ನು ಮನುಷ್ಯ ಬಲ್ಲ ಎಂಬ ನೆಲೆಯಲ್ಲಿ ಮೈಕೆಲ್ ಪೊಲಾನ್ಯಿ ನಡೆಸಿದ ಚಿಂತನೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ದೊರೆಯುವುದು ಕಷ್ಟ.

4. ಸೋಲಿನ ದಾಖಲೆ

ತರಬೇತಿಯ ಚರಿತ್ರೆಯಲ್ಲಿ ಅತ್ಯಂತ ಮಹತ್ವದ ಘಟ್ಟ 2003ರಿಂದ ಮುಂದಿನದು. ಇಲಿಗಳಲ್ಲಿ ಬೆನ್ನುಹುರಿ ಚೇತರಿಸಿಕೊಂಡಿತೆಂಬ ವರದಿಗಳು ಒಂದರ ಹಿಂದೊಂದು ಪ್ರಕಟವಾಗುತ್ತಿದ್ದರೂ ಅವು ರೋಗಿಗಳಿಗೆ ನೆರವಾಗುವ ಚಿಕಿತ್ಸೆಗಳಾಗಿ ಬೆಳೆಯಲಿಲ್ಲ. ಮನುಷ್ಯರ ಮೇಲಿನ ಅನುಭವವೂ ಎಚ್ಚರಿಕೆ ನೀಡುವಂತಿತ್ತು. ಗಾಯವಾದ 8 ಗಂಟೆಗಳೊಳಗೆ ಮಿಥೈಲ್‌ಪ್ರೆಡ್ನಿಸೊಲೋನ್ ನೀಡಿದರೆ ಪ್ರಯೋಜನವಿದೆ ಎಂಬ 1990ರ ವರದಿ ಜಗತ್ತಿನಾದ್ಯಂತ ಆಚರಣೆಗೆ ಬಂದಿತು. 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಸಂಘಟನೆಗಳು ಅದನ್ನು ಬಳಸದಿರುವಂತೆ ಶಿಫಾರಸು ಮಾಡಿದವು. ಈ ಹಿನ್ನೆಲೆಯಲ್ಲಿ ಅಮೆರಿಕದ ರಾಷ್ಟ್ರೀಯ ನರರೋಗ ಸಂಸ್ಥೆ ಪ್ರಕಟಿತ ಪ್ರಯೋಗಗಳನ್ನು ಅದೇ ಕ್ರಮದಲ್ಲಿ ಮತ್ತೆ ಮಾಡಿ ನೋಡುವ ಕೆಲಸವನ್ನು ಇರ್ವೈನ್, ಮಿಯಾಮಿ ಹಾಗೂ ಓಹಿಯೋದ ನುರಿತ ಪ್ರಯೋಗಾಲಯಗಳಿಗೆ ವಹಿಸಿತು. ಆಸ್ವಾಲ್ಡ್ ಸ್ಟೂವರ್ಡ್ ಮತ್ತು ಸಂಗಡಿಗರು 2012ರಲ್ಲಿ ಅದರ ಫಲವನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಬಹುಪಾಲು ಪ್ರಯೋಗಗಳಲ್ಲಿ ಮೂಲದಲ್ಲಿ ಹೇಳಿದ ಫಲಿತಾಂಶ ಪೂರ್ಣವಾಗಿ ಮರುಕಳಿಸಲಿಲ್ಲ.

ಇದನ್ನು ವಂಚನೆಯೆಂದು ತಿಳಿಯಬೇಕಾಗಿಲ್ಲ. ಪ್ರಾಣಿಗಳ ಸಂಖ್ಯೆ ಕಡಿಮೆಯಿರುವುದು, ತಳಿಯ ವ್ಯತ್ಯಾಸ, ಅಂಕ ನೀಡುವವರ ಕಣ್ಣಿನ ವ್ಯತ್ಯಾಸ, ಬರವಣಿಗೆಯಲ್ಲಿ ಬಿಟ್ಟುಹೋದ ಸಣ್ಣ ವಿವರ ಇವೆಲ್ಲ ಕಾರಣಗಳಾಗಿರಬಹುದು. ಒಂದೇ ಕಥನಗೀತೆಯ ಎರಡು ಪಾಠಗಳು ಏಕೆ ಬೇರೆಯಾಗುತ್ತವೆ ಎಂದು ಕೇಳುತ್ತ ಬಂದಿರುವ ಜಾನಪದ ಅಧ್ಯಯನಕ್ಕೆ ಈ ಸಮಸ್ಯೆ ಹೊಸತಲ್ಲ. ಆದರೆ ಪಾಠಾಂತರ ಹಾಡಿಗೆ ಸಂಪತ್ತು, ಚಿಕಿತ್ಸೆಗೆ ಅಪಾಯ. ಪ್ರಯೋಗ ವಿಜ್ಞಾನದ ಹಿರಿಮೆಯಿರುವುದು ಅದು ತನ್ನ ಸೋಲನ್ನು ಅಚ್ಚು ಹಾಕಿಸಿ ಎಲ್ಲರ ಮುಂದಿಟ್ಟಿತು ಎಂಬುದರಲ್ಲಿ. ಪ್ರಯೋಗವೊಂದನ್ನು ವರದಿ ಮಾಡುವಾಗ ಕನಿಷ್ಠ ಯಾವ ವಿವರಗಳಿರಬೇಕು ಎಂಬ ಪಟ್ಟಿಯೊಂದು 2014ರಲ್ಲಿ ಈ ಕ್ಷೇತ್ರದವರಿಂದಲೇ ರೂಪುಗೊಂಡಿತು. ಮರದಿಂದ ಬಿದ್ದವನಿಗೆ ನಾಳೆ ಕೊಡುವ ಮದ್ದು ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದು ಇಂತಹ ನೀರಸವಾದ ಪಟ್ಟಿಗಳನ್ನು ಅವಲಂಬಿಸಿದೆ.

5. ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ನರವಿಜ್ಞಾನದ ತರಬೇತಿಗೆ ಮುಖ್ಯ ನೆಲೆ ಬೆಂಗಳೂರಿನ ನಿಮ್ಹಾನ್ಸ್. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ, 1974ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೊಡನೆ ವಿಲೀನಗೊಂಡು ಇಂದಿನ ರೂಪ ತಾಳಿದ ಈ ಸಂಸ್ಥೆಯಲ್ಲಿ ನರಶಸ್ತ್ರಚಿಕಿತ್ಸೆ, ನರಶರೀರಕ್ರಿಯಾ ವಿಜ್ಞಾನ, ನರರೋಗ ಪುನಶ್ಚೇತನ ವಿಭಾಗಗಳು ಒಂದೇ ಆವರಣದಲ್ಲಿವೆ. ಅಲ್ಲಿಯ ಮಾನವ ಮಿದುಳು ಬ್ಯಾಂಕು 1995ರಿಂದ ಕೆಲಸ ಮಾಡುತ್ತಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಹಾಗೂ 1998ರ ನಿಯಮಗಳಿಗೆ ಒಳಪಟ್ಟಿದ್ದು, ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ನಡೆಯುವಂತಿಲ್ಲ. ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ತಗ್ಗಿಸುವುದು, ನೋವು ಕಡಿಮೆ ಮಾಡುವುದು ಎಂಬ 1959ರ ರಸೆಲ್ ಮತ್ತು ಬರ್ಚ್ ಅವರ ಮೂರು ಸೂತ್ರಗಳು ಇಂದು ಪ್ರಯೋಗ ತರಬೇತಿಯ ಮೊದಲ ಪಾಠ. ಕೈ ಪಳಗದವನು ಮಾಡಿದ ಪ್ರಯೋಗದಲ್ಲಿ ಪ್ರಾಣಿಯ ನೋವು ವ್ಯರ್ಥವಾಗುತ್ತದೆ. ಹೀಗಾಗಿ ತರಬೇತಿ ಕೇವಲ ಕೌಶಲದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದು.

ಮಂಡ್ಯ ಜಿಲ್ಲೆಯಲ್ಲಿ ನಾಗಮಂಗಲ ತಾಲೂಕಿನ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯವೂ ಮಂಡ್ಯ ನಗರದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇವೆ. ಆದರೂ ತೋಟದಲ್ಲಿ ಬಿದ್ದವನು ಈ ಸಂಸ್ಥೆಗಳನ್ನು ತಲುಪುವ ಮುನ್ನವೇ ಅವನ ಭವಿಷ್ಯ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಬಿದ್ದವನನ್ನು ಎತ್ತಿ ಕೂರಿಸುವುದು, ನೀರು ಕುಡಿಸುವುದು, ಒಬ್ಬರು ಕಂಕುಳಿಗೂ ಒಬ್ಬರು ಕಾಲಿಗೂ ಕೈಹಾಕಿ ಆಟೋದಲ್ಲಿ ಮಡಚಿ ಕೂರಿಸಿ ಕರೆದೊಯ್ಯುವುದು ನಮ್ಮ ಹಳ್ಳಿಗಳ ರೂಢಿ. ಇದರಲ್ಲಿ ಅಕ್ಕರೆಯ ಕೊರತೆಯಿಲ್ಲ. ಆದರೆ ಸಡಿಲಿದ ಎಲುಬು ಹುರಿಯನ್ನು ಕೊಯ್ಯುವುದು ಈ ಎತ್ತುವಿಕೆಯಲ್ಲಿಯೇ. ಕತ್ತು ಮತ್ತು ನಡ ಒಂದೇ ಗೆರೆಯಲ್ಲಿರುವಂತೆ, ಮರದ ದಿಮ್ಮಿಯನ್ನು ಉರುಳಿಸುವ ಹಾಗೆ, ನಾಲ್ಕು ಜನ ಒಟ್ಟಿಗೆ ತಿರುಗಿಸಿ ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕೆಂಬುದು ಇಂದಿನ ಪ್ರಥಮ ಚಿಕಿತ್ಸೆಯ ಪಾಠ. ಸುಶ್ರುತನ ಹಲಗೆಯ ಹಾಸಿಗೆಗೂ ಇದಕ್ಕೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಶಾಸ್ತ್ರದಲ್ಲಿದ್ದದ್ದು ರೂಢಿಯಲ್ಲಿ ಉಳಿಯಲಿಲ್ಲ.

ಬೀಳದಂತೆ ನೋಡಿಕೊಳ್ಳುವ ತರಬೇತಿಯೂ ಇದೇ ಚರಿತ್ರೆಯ ಒಂದು ಭಾಗ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಯಂತ್ರದ ಸಹಾಯದಿಂದ ಮರ ಹತ್ತುವುದನ್ನು ಯುವಕ ಯುವತಿಯರಿಗೆ ಕಲಿಸತೊಡಗಿತು. ಜೊತೆಗೆ ಮರ ಹತ್ತುವವರಿಗೆ ವಿಮೆಯ ಏರ್ಪಾಡನ್ನೂ ಮಾಡಿತು. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮರವನ್ನು ಅಪ್ಪಿ ಏರುವ ಹಳೆಯ ವಿದ್ಯೆ ಮನೆತನದಿಂದ ಮನೆತನಕ್ಕೆ ಬಂದದ್ದು. ಹೊಸ ವಿದ್ಯೆ ಶಿಬಿರದಿಂದ ಬಂದದ್ದು. ಎರಡರಲ್ಲಿಯೂ ಕಲಿಸುವವನು ಕೆಳಗೆ ನಿಂತು ನೋಡುತ್ತಿರುವಾಗಲೇ ಕಲಿಯುವವನು ಮೇಲೇರಬೇಕು.

6. ಆರೈಕೆಯೆಂಬ ವಿದ್ಯೆ

ಬೆನ್ನುಹುರಿ ಗಾಯವಾದವರು ಬದುಕಿ ಉಳಿಯತೊಡಗಿದ್ದು ಪ್ರಯೋಗಾಲಯದ ಮದ್ದಿನಿಂದಲ್ಲ, ಆರೈಕೆಯ ಶಿಸ್ತಿನಿಂದ. 1944ರ ಫೆಬ್ರವರಿ 1ರಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್ವಿಗ್ ಗಟ್‌ಮನ್ ಆರಂಭಿಸಿದ ಕೇಂದ್ರದಲ್ಲಿ ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಹಾಸಿಗೆ ಹುಣ್ಣನ್ನು ತಡೆಯುವುದು, ಮೂತ್ರಕೋಶದ ಸೋಂಕನ್ನು ತಡೆಯುವುದು ನಿತ್ಯವಿಧಿಗಳಾದವು. ಅಲ್ಲಿಯವರೆಗೆ ರೋಗಿಗಳನ್ನು ಕೊಲ್ಲುತ್ತಿದ್ದುದು ಗಾಯಕ್ಕಿಂತ ಹೆಚ್ಚಾಗಿ ಈ ಹುಣ್ಣು ಮತ್ತು ಸೋಂಕು. 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು ಮತ್ತು ವೆಲ್ಲೂರಿನ ಪುನಶ್ಚೇತನ ಕೇಂದ್ರವನ್ನು ಕಟ್ಟಿದರು. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ಈ ಕಾರ್ಯವನ್ನು ಕರ್ನಾಟಕದಲ್ಲಿ ಬೆಳೆಸಿತು.

ರೋಗಿ ಹಳ್ಳಿಗೆ ಮರಳಿದ ಮೇಲೆ ಈ ಶಿಸ್ತನ್ನು ಕಾಯುವವರು ತಾಯಿ, ಹೆಂಡತಿ, ಅಕ್ಕತಂಗಿಯರು. ದಿನಕ್ಕೆ ಹಲವು ಸಲ ಶುದ್ಧವಾದ ನಳಿಕೆಯಿಂದ ಮೂತ್ರಕೋಶ ಬರಿದು ಮಾಡುವ ವಿಧಾನವನ್ನು 1972ರಲ್ಲಿ ಜ್ಯಾಕ್ ಲ್ಯಾಪಿಡಿಸ್ ಪ್ರಚುರಪಡಿಸಿದರು. ಆಸ್ಪತ್ರೆಯ ದಾದಿ ತೋರಿಸಿಕೊಟ್ಟಂತೆ ಮದ್ದೂರಿನ ಒಂದು ಹಳ್ಳಿಯ ಹೆಣ್ಣುಮಗಳು ಅದನ್ನು ಕಲಿತು ಮಾಡುವಾಗ, ಓಹಿಯೋದ ಶಿಬಿರದಲ್ಲಿ ಇಲಿಯ ಹೊಟ್ಟೆಯನ್ನು ಒತ್ತಲು ಕಲಿತ ಸಂಶೋಧಕನಿಗೂ ಆಕೆಗೂ ವಿದ್ಯೆಯ ಬಗೆಯಲ್ಲಿ ಅಂತರವಿಲ್ಲ. ಅಂತರವಿರುವುದು ಮನ್ನಣೆಯಲ್ಲಿ. ಸಂಶೋಧಕನ ಕಲಿಕೆ ಅವನ ಅರ್ಹತೆಯ ಪಟ್ಟಿಗೆ ಸೇರುತ್ತದೆ. ಆಕೆಯ ಕಲಿಕೆ ಮನೆಗೆಲಸದಲ್ಲಿ ಕರಗಿಹೋಗುತ್ತದೆ. ಜನಪದ ವೈದ್ಯದ ದಾಖಲೀಕರಣದಲ್ಲಿ ನಾಟಿ ವೈದ್ಯರಿಗೆ ದೊರೆತ ಸ್ಥಾನ ಈ ಆರೈಕೆಗಾರರಿಗೆ ಇನ್ನೂ ದೊರೆಯಬೇಕಾಗಿದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕೈವಿದ್ಯೆ ಎಂಬುದು ಹಿಂದುಳಿದ ಸಮಾಜದ ಲಕ್ಷಣವಲ್ಲ. ಅತ್ಯಾಧುನಿಕ ಪ್ರಯೋಗಾಲಯವೂ ಅದರ ಮೇಲೆಯೇ ನಿಂತಿದೆ. ಎರಡನೆಯದಾಗಿ, ಪ್ರಯೋಗಾಲಯವು ಕೈಗುಣಕ್ಕೆ ಎರಡು ಹೊಸ ಶಿಸ್ತುಗಳನ್ನು ಸೇರಿಸಿತು: ಎಲ್ಲರೂ ಒಪ್ಪುವ ಅಳತೆಗೋಲು ಮತ್ತು ಸೋಲಿನ ಬಹಿರಂಗ ದಾಖಲೆ. ನಮ್ಮ ಮೂಳೆ ಕಟ್ಟುವವರಲ್ಲಿ ಕೊರತೆಯಿರುವುದು ಕೈಗುಣದ್ದಲ್ಲ, ಈ ಎರಡು ಶಿಸ್ತುಗಳದ್ದು. ಮೂರನೆಯದಾಗಿ, ಇವುಗಳನ್ನು ಅವರ ಮೇಲೆ ಕಾನೂನಿನ ಬಲದಿಂದ ಹೇರುವುದಕ್ಕಿಂತ ಅವರದೇ ಭಾಷೆಯ ಒಂದು ಮಾತಿನಿಂದ ಆರಂಭಿಸುವುದು ಲೇಸು. ಕಾಲು ಅಲುಗುತ್ತದೆಯೇ, ಮುಟ್ಟಿದರೆ ತಿಳಿಯುತ್ತದೆಯೇ, ಮೂತ್ರದ ಹಿಡಿತವಿದೆಯೇ ಎಂಬ ಮೂರು ಪ್ರಶ್ನೆ ಕೇಳಿ, ಒಂದಕ್ಕಾದರೂ ಇಲ್ಲವೆಂಬ ಉತ್ತರ ಬಂದರೆ ಅದು ಮೂಳೆಯ ಕೇಡಲ್ಲ, ಸ್ವಾಧೀನದ ಕೇಡು. ಅದಕ್ಕೆ ಕಟ್ಟು ಹಾಕಬಾರದು. ಉತ್ತರಗಳೆಲ್ಲ ಸರಿಯಿದ್ದರೂ ಎತ್ತರದಿಂದ ಬಿದ್ದವನ ಬೆನ್ನನ್ನು ಪರೀಕ್ಷೆಯಾಗುವ ಮುನ್ನ ಎಳೆಯಬಾರದು, ನೀವಬಾರದು, ಕೂರಿಸಬಾರದು. ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕು.

ಬಿದ್ದವನ ಬಳಿಗೆ ಮೊದಲು ಓಡಿಬರುವವರು ವೈದ್ಯರಲ್ಲ, ಪಕ್ಕದ ತೋಟದವರು. ಆದುದರಿಂದ ಬೆನ್ನುಹುರಿ ಗಾಯದ ತರಬೇತಿ ಬೆಂಗಳೂರಿನ ಪ್ರಯೋಗಾಲಯದಲ್ಲಿ ಎಷ್ಟು ಅಗತ್ಯವೋ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿಯೂ ಹಲಗೂರಿನ ಸಂತೆಯಲ್ಲಿಯೂ ಅಷ್ಟೇ ಅಗತ್ಯ. ಹಾಡು, ಕಥೆ, ಆಟಗಳನ್ನು ಸಂಗ್ರಹಿಸಿ ಕಾಪಾಡಿದ ನಮ್ಮ ಅಕಾಡೆಮಿಗಳು ಮೂಳೆ ಕಟ್ಟುವವರು, ಮರ ಹತ್ತುವವರು, ಆರೈಕೆ ಮಾಡುವವರು ಮತ್ತು ವೈದ್ಯಕೀಯ ಸಂಸ್ಥೆಗಳ ತಜ್ಞರು ಒಂದೇ ಜಗಲಿಯ ಮೇಲೆ ಕೂರುವಂತೆ ಮಾಡಬಲ್ಲವು. ಅಂತಹ ಕೂಟದಲ್ಲಿ ಗುಣವಾದವರ ಕಥೆಗಳ ಜೊತೆಗೆ ಗುಣವಾಗದವರ ಕಥೆಗಳೂ ದಾಖಲಾಗಬೇಕು. ಆಗ ಮಾತ್ರ ಜನಪದ ವೈದ್ಯದ ಚರಿತ್ರೆ ಪೂರ್ಣವಾಗುತ್ತದೆ.